ಡಿಮೆನ್ಷಿಯಾ ನೀತಿ ಮಾಡ್ತೀರಂತೆ, ಡಿಮೆನ್ಷಿಯಾ ಇರೋರನ್ನ ಕೇಳಿದ್ರಾ?

ಹೋದ ವರ್ಷ ಸೆಪ್ಟೆಂಬರಲ್ಲಿ ದೊಡ್ಡಮ್ಮನ್ನ ಕರ್ಕೊಂಡು ಒಂದು ಸಭೆಗೆ ಹೋಗಿದ್ದೆ. ಸೆಪ್ಟೆಂಬರ್ 21 ವಿಶ್ವ ಅಲ್ಝೈಮರ್ಸ್ ದಿನ ಅಲ್ವಾ, ಆ ತಿಂಗಳು ಪೂರ್ತಿ ಬೆಂಗಳೂರಲ್ಲಿ ಎಲ್ಲಾದ್ರೂ ಒಂದು ವಾಕಥಾನ್, ಎಲ್ಲಾದ್ರೂ ಒಂದು ಗೋಷ್ಠಿ ಇದ್ದೇ ಇರುತ್ತೆ. ಇದು ಡಿಮೆನ್ಷಿಯಾ, ಅಂದ್ರೆ ಅಲ್ಝೈಮರ್ಸ್ ಥರದ ಮರೆವಿನ ಕಾಯಿಲೆ ವಿಷಯದಲ್ಲಿ ಸರ್ಕಾರ ಏನು ಮಾಡಬೇಕು ಅಂತ ಜನರ ಅಭಿಪ್ರಾಯ ಕೇಳೋ ಸಭೆ. ನಡೆಸಿದೋರೂ ಒಳ್ಳೇ ಮನಸ್ಸಿನೋರೇ, ಅವರ ಮೇಲೆ ನಂದೇನೂ ದೂರಿಲ್ಲ. ಬಾಗಿಲಲ್ಲೇ ಒಬ್ಬ ಹುಡುಗಿ ಬಂದು "ಪೇಷಂಟ್ಸ್‌ಗೆ ಪಕ್ಕದ ರೂಮಲ್ಲಿ ಆಕ್ಟಿವಿಟಿ ಇದೆ ಆಂಟಿ" ಅಂತ ದೊಡ್ಡಮ್ಮನ ಕೈ ಹಿಡ್ಕೊಂಡು ಹೋದ್ಲು. ನಾನು ಎಸಿ ಹಾಲಲ್ಲಿ ಕೂತು ಎರಡೂವರೆ ಗಂಟೆ ಇಂಗ್ಲಿಷ್ ಸ್ಲೈಡ್ ನೋಡಿದೆ. ಕೊನೇಲಿ ಒಂದು ಫಾರ್ಮ್ ಕೊಟ್ರು, ತುಂಬಿದೆ. ದೊಡ್ಡಮ್ಮ ಈಚೆ ಬಂದಾಗ ಕೈಯಲ್ಲಿ ಬಣ್ಣ ಹಚ್ಚಿದ ಗಿಳಿ ಚಿತ್ರ. ಶ್ರೀರಾಂಪುರದಲ್ಲಿ ಮೂವತ್ತು ವರ್ಷ ಟೈಲರಿಂಗ್ ಅಂಗಡಿ ನಡೆಸಿದೋಳು ಅವಳು, ಅವಳ ಕೈಗೆ ಕ್ರೇಯಾನ್ ಕೊಟ್ಟಿದ್ರು. ಆಟೋದಲ್ಲಿ ಆ ಚಿತ್ರ ನೋಡಿ "ಯಾರೇ ಹಚ್ಚಿದ್ದು ಇದನ್ನ, ಗೆರೆ ಎಲ್ಲಾ ದಾಟೈತೆ" ಅಂದ್ಲು.

ಅವಳೇ ಹಚ್ಚಿದ್ದು ಅನ್ನೋದು ನೆನಪಿರಲಿಲ್ಲ. ಆದ್ರೆ ಕೆಲಸ ಕೆಟ್ಟದಾಗಿದೆ ಅನ್ನೋದು ಕಣ್ಣಿಗೆ ಕಾಣ್ತಿತ್ತು. ಯಾವಾಗ ಆಗಿದ್ದು, ಯಾರು ಮಾಡಿದ್ದು ಅನ್ನೋದು ಹೋಗಿರುತ್ತೆ, ಸರಿ ತಪ್ಪು ಬೇಕು ಬೇಡ ಅನ್ನೋದು ಇನ್ನೂ ಇರುತ್ತೆ. ಈ ವಿಷಯದ ಚರ್ಚೆ ಹಾದಿ ತಪ್ಪೋದು ಇಲ್ಲೇ ಅಂತ ನನಗನ್ಸುತ್ತೆ. ಅಭಿಪ್ರಾಯ ಹೇಳೋಕೆ ನೆನಪು ಬೇಕು ಅಂತ ನಾವು ಅಂದ್ಕೊಂಡಿದ್ದೀವಿ, ಅಷ್ಟೊಂದು ಬೇಕಾಗಿಲ್ಲ.

ಮೊದಲು ವಿಷಯ ಎಷ್ಟು ದೊಡ್ಡದು ಅಂತ ನೋಡಿ. ದೇಶದ ವಯಸ್ಸಾದವರ ಬಗ್ಗೆ ನಡೆದ ಲಾಸಿ-ಡ್ಯಾಡ್ ಅನ್ನೋ ಅಧ್ಯಯನದ ಲೆಕ್ಕ 2023ರಲ್ಲಿ ಪ್ರಕಟ ಆಯ್ತು, ಅದರ ಪ್ರಕಾರ 60 ದಾಟಿದೋರಲ್ಲಿ 7.4 ಪರ್ಸೆಂಟ್ ಜನಕ್ಕೆ ಡಿಮೆನ್ಷಿಯಾ ಇದೆ, ಅಂದ್ರೆ ಸುಮಾರು 88 ಲಕ್ಷ ಜನ, 2036ರ ಹೊತ್ತಿಗೆ ಇದು 1.69 ಕೋಟಿ ಆಗಬಹುದು. ಒಟ್ಟು ಸಂಖ್ಯೆಗಿಂತ ಒಳಗಿನ ಲೆಕ್ಕ ನೋಡ್ಬೇಕು: ಗಂಡಸರಲ್ಲಿ 6 ಪರ್ಸೆಂಟಿನ ಹತ್ರ ಇದ್ರೆ ಹೆಂಗಸರಲ್ಲಿ 9ರ ಹತ್ರ. ಸಿಟಿಯಲ್ಲಿ 5ರ ಆಸುಪಾಸು, ಹಳ್ಳಿಯಲ್ಲಿ 8 ದಾಟುತ್ತೆ. ಓದು ಬರಹ ಇಲ್ಲದೋರಲ್ಲಿ ಜಾಸ್ತಿ. ಅಂದ್ರೆ ಕಾಯಿಲೆ ಹೆಚ್ಚು ಇರೋದು ಸ್ಕೂಲು ಕಾಣದ ಅಜ್ಜಿಯರಿಗೆ, ಮೀಟಿಂಗಿಗೆ ಬರೋದು ಇಂಗ್ಲಿಷ್ ಬಲ್ಲ ಮಕ್ಕಳು. ನನ್ನನ್ನೂ ಸೇರಿಸಿಯೇ ಹೇಳ್ತಿದೀನಿ.

ಬೆಂಗಳೂರಲ್ಲಿ ಏನೂ ಇಲ್ಲ ಅಂತಲ್ಲ, ದೇಶದ ಬೇರೆ ಊರುಗಳಿಗೆ ಹೋಲಿಸಿದ್ರೆ ನಾವು ಪುಣ್ಯವಂತರೇ. ಹೊಸೂರು ರೋಡಲ್ಲಿ ನಿಮ್ಹಾನ್ಸ್ ಇದೆ, ಐಐಎಸ್ಸಿ ಒಳಗೆ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಇದೆ, ಅವರು ಕೋಲಾರದ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನ ವರ್ಷವರ್ಷ ಫಾಲೋ ಮಾಡೋ ಗುರಿ ಇಟ್ಕೊಂಡು ಅಧ್ಯಯನ ನಡೆಸ್ತಿದ್ದಾರೆ. ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಟ್ರಸ್ಟಿನ ಸೆಂಟರ್ ಇದೆ. ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ 2022ರ ಜನವರಿಯಲ್ಲಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಅಂತ ಶುರು ಮಾಡ್ತು, ಮೊದಲಿಗೆ ಬೆಂಗಳೂರು ನಗರದ ದಕ್ಷಿಣ ಭಾಗ, ಕೋಲಾರ, ಚಿಕ್ಕಬಳ್ಳಾಪುರದಲ್ಲಿ. ತಲೆನೋವು, ಮೂರ್ಛೆ, ಸ್ಟ್ರೋಕ್, ಡಿಮೆನ್ಷಿಯಾ, ಈ ನಾಲ್ಕನ್ನ ಸಾಮಾನ್ಯ ಸರ್ಕಾರಿ ಡಾಕ್ಟರೇ ಗುರುತಿಸೋ ಹಾಗೆ ಟ್ರೈನಿಂಗ್ ಕೊಡೋದು ಅದರ ಐಡಿಯಾ. ಒಳ್ಳೇ ಐಡಿಯಾನೇ. ಆದ್ರೆ ಇದೆಲ್ಲಾ ಸರ್ವಿಸ್. ನೀತಿ ಅಂದ್ರೆ ಬೇರೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಒಂದು ಜಾಗತಿಕ ಕ್ರಿಯಾ ಯೋಜನೆ ಮಾಡಿ, 2025ರೊಳಗೆ ನಾಲ್ಕರಲ್ಲಿ ಮೂರು ಪಾಲು ದೇಶಗಳು ತಮ್ಮದೇ ಡಿಮೆನ್ಷಿಯಾ ನೀತಿ ಮಾಡ್ಕೋಬೇಕು ಅಂದಿತ್ತು, ಗುರಿ ಮುಟ್ಟಲಿಲ್ಲ, ಈಗ ಗಡುವನ್ನ 2031ಕ್ಕೆ ತಳ್ಳಿದ್ದಾರೆ. ಭಾರತಕ್ಕೆ ಅಂತ ಪ್ರತ್ಯೇಕ ರಾಷ್ಟ್ರೀಯ ಡಿಮೆನ್ಷಿಯಾ ಯೋಜನೆ ಆ 2025ರ ಗಡುವಿನೊಳಗೆ ಬರಲಿಲ್ಲ. ಪಕ್ಕದ ಕೇರಳ 2014ರಲ್ಲೇ ತನ್ನದೇ ರಾಜ್ಯ ಕಾರ್ಯಕ್ರಮ ಶುರು ಮಾಡ್ಕೊಂಡಿತ್ತು.

ಇವತ್ತಲ್ಲ ನಾಳೆ ಇಲ್ಲೂ ಒಂದು ಕರಡು ಬರುತ್ತೆ. ಬಂದಾಗ ಅದು ಪಿಡಿಎಫ್ ಆಗಿ ವೆಬ್‌ಸೈಟಲ್ಲಿ ಬೀಳುತ್ತೆ, ಇಂಗ್ಲಿಷಲ್ಲಿ, "30 ದಿನದೊಳಗೆ ಅಭಿಪ್ರಾಯ ಕಳಿಸಿ" ಅಂತ ಒಂದು ಇಮೇಲ್ ಐಡಿ ಇರುತ್ತೆ, ಕಳಿಸಿದೋರು ಕಳಿಸ್ತಾರೆ. ಈ 30 ದಿನ ಅನ್ನೋದು ಕೇಂದ್ರ ಸರ್ಕಾರ 2014ರಲ್ಲಿ ಕಾನೂನು ಮಾಡೋಕೆ ಮುಂಚೆ ಜನರನ್ನ ಕೇಳ್ಬೇಕು ಅಂತ ಮಾಡಿಕೊಂಡ ನಿಯಮದ್ದು, ಇಲ್ಲದಕ್ಕಿಂತ ವಾಸಿ. ಆದ್ರೆ ನಮ್ಮ ದೊಡ್ಡಮ್ಮ ಇಮೇಲ್ ಕಳಿಸಲ್ಲ.

ಹಾಗಾದ್ರೆ ಅವಳನ್ನ ಕೇಳೋದು ಹೇಗೆ? ಸಭೆ ಆದ್ಮೇಲೆ ನಾನೇ ಟ್ರೈ ಮಾಡಿದೆ, ಸ್ವಲ್ಪ ಹಟಕ್ಕೆ ಬಿದ್ದು. ಸಂಜೆ ಕೇಳಿದ್ರೆ ಆಗಲ್ಲ, ಸಂಜೆ ಆಗ್ತಿದ್ದ ಹಾಗೆ ಅವಳಿಗೆ ಕಸಿವಿಸಿ ಶುರು ಆಗುತ್ತೆ, ಮನೆಯಲ್ಲೇ ಕೂತು "ಮನೆಗೆ ಹೋಗೋಣ" ಅಂತಾಳೆ. ಬೆಳಿಗ್ಗೆ ಕಾಫಿ ಆದ್ಮೇಲೆ ಒಂಬತ್ತರಿಂದ ಹನ್ನೊಂದರ ತನಕ ಒಳ್ಳೇ ಟೈಮು. "ನಿಂಗೇನು ಬೇಕು" ಅಂತ ಕೇಳಿದ್ರೆ "ಏನೂ ಬೇಡ ಕಣಪ್ಪಾ" ಅಂತಾಳೆ, ಆ ಪ್ರಶ್ನೆಗೆ ನಮ್ಮ ಮನೇಲಿ ಯಾವ ಹೆಂಗಸೂ ಬೇರೆ ಉತ್ತರ ಕೊಟ್ಟಿದ್ದು ನಾನು ಕಂಡಿಲ್ಲ. ಅದೇ ಕೈಯಲ್ಲಿ ಒಂದು ಬ್ಯಾಂಕ್ ಪಾಸ್‌ಬುಕ್ ಕೊಟ್ಟು ಕೂತ್ರೆ ಮಾತು ಬರುತ್ತೆ. "ಅಲ್ಲಿ ಕೂತಿರೋನು ನನ್ನ ನೋಡಲ್ಲ, ನಿನ್ನ ನೋಡ್ಕೊಂಡು ಮಾತಾಡ್ತಾನೆ, ದುಡ್ಡು ನಂದು" ಅಂದ್ಲು. ಇನ್ನೊಂದಿನ ಬಸ್ ವಿಷಯ. ಹಳೇ ಬಸ್ ನಂಬರೆಲ್ಲಾ ಅವಳಿಗೆ ಬಾಯಿಪಾಠ, ಈಗ ಬೋರ್ಡಿನ ಅಕ್ಷರ ಓಡುತ್ತೆ, ಓದೋದ್ರೊಳಗೆ ಹೋಗುತ್ತೆ ಅಂದ್ಲು. ಮೂರನೇ ಸಲ ಹೇಳಿದ್ದು ಟಾಯ್ಲೆಟ್ ಬಾಗಿಲು: ಹೊರಗಡೆ ಹೋದಾಗ ಎಲ್ಲಾ ಬಾಗಿಲೂ ಒಂದೇ ಥರ ಇರುತ್ತೆ, ಯಾವುದಂತ ಕೇಳೋಕೆ ನಾಚಿಕೆ. ಐದಾರು ಬೆಳಿಗ್ಗೆ, ದಿನಕ್ಕೆ ಹತ್ತು ನಿಮಿಷ, ಇಷ್ಟು ಸಿಕ್ತು. ಎರಡೂವರೆ ಗಂಟೆ ಸ್ಲೈಡಲ್ಲಿ ಈ ಮೂರರಲ್ಲಿ ಒಂದೂ ಬಂದಿರಲಿಲ್ಲ. ಅಲ್ಲಿ ಬಂದಿದ್ದು ಡೇ ಕೇರ್, ಇನ್ಶೂರೆನ್ಸ್, ಅಟೆಂಡರ್ ಸಿಗಲ್ಲ, ಇವು. ಎಲ್ಲಾ ನಿಜಾನೇ, ಎಲ್ಲಾ ನಂದೇ ಕಷ್ಟ.

ಇಲ್ಲೊಂದು ಮಾತು ಬಿಚ್ಚಿ ಹೇಳ್ಬೇಕು, ಮನೇಲಿ ನೋಡ್ಕೊಳ್ಳೋರಿಗೆ ಇಷ್ಟ ಆಗಲ್ಲ. ನೋಡ್ಕೊಳ್ಳೋರ ಬೇಕುಬೇಡ ಮತ್ತು ಕಾಯಿಲೆ ಇರೋರ ಬೇಕುಬೇಡ ಒಂದೇ ಅಲ್ಲ, ಎಷ್ಟೋ ಸಲ ಎದುರುಬದುರು. ನಂಗೆ ಗೇಟಿಗೆ ಬೀಗ ಬೇಕು, ಅವಳಿಗೆ ಓಡಾಡ್ಬೇಕು. ನಂಗೆ ಅವಳ ಕೈಗೆ ಜಿಪಿಎಸ್ ವಾಚ್ ಕಟ್ಬೇಕು, ಅವಳು ಅದನ್ನ ಬಿಚ್ಚಿ ಅಕ್ಕಿ ಡಬ್ಬಕ್ಕೆ ಹಾಕ್ತಾಳೆ. ಸರ್ಕಾರ ನನ್ನನ್ನ ಮಾತ್ರ ಕೇಳಿದ್ರೆ ಬೀಗಕ್ಕೆ ಸಬ್ಸಿಡಿ ಬರುತ್ತೆ. ಅವಳನ್ನೂ ಕೇಳಿದ್ರೆ ಕಂಡಕ್ಟರ್‌ಗಳಿಗೆ ಟ್ರೈನಿಂಗ್ ಬರಬಹುದು. ತಮಾಷೆ ಅಲ್ಲ ಇದು, 2023ರ ಜೂನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಫ್ರೀ, ಮನೆಯಿಂದ ಹೊರಬಿದ್ದ ಒಬ್ಬ ಅಜ್ಜಿ ಕೈಯಲ್ಲಿ ಆಧಾರ್ ಇದ್ರೆ ಸಾಕು, ಕಾಸಿಲ್ಲದೆ ಮೆಜೆಸ್ಟಿಕ್ಕಿಗೂ ಹೋಗ್ತಾಳೆ, ಅಲ್ಲಿಂದ ಇನ್ನೊಂದು ಬಸ್ ಹತ್ತಿ ತುಮಕೂರಿಗೂ ಹೋಗ್ತಾಳೆ. ಯೋಜನೆ ಒಳ್ಳೇದು, ತಪ್ಪು ಅದರದ್ದಲ್ಲ. ಆದ್ರೆ ಆ ಅಜ್ಜಿ ದಾರಿ ತಪ್ಪಿದಾಳೆ ಅಂತ ಮೊದಲು ಗೊತ್ತಾಗೋ ಚಾನ್ಸ್ ಇರೋ ಮನುಷ್ಯ ಯಾರು? ಝೀರೋ ಟಿಕೆಟ್ ಹರಿದು ಕೊಡ್ತಾ "ಎಲ್ಲಿಗಮ್ಮಾ" ಅಂತ ಕೇಳೋ ಕಂಡಕ್ಟರ್. ಡಿಮೆನ್ಷಿಯಾ ನೀತಿ ಚರ್ಚೆಗೆ ಬಿಎಂಟಿಸಿಯೋರನ್ನ ಕರೆದ್ರಾ ಅಂತ ಕೇಳಿ ನೋಡಿ, ನಿಮ್ಮನ್ನ ವಿಚಿತ್ರವಾಗಿ ನೋಡ್ತಾರೆ.

ಕರೆಯದೇ ಇರೋ ಇನ್ನೊಂದು ಗುಂಪಿದೆ, ಸಂಬಳಕ್ಕೆ ನೋಡ್ಕೊಳ್ಳೋ ಅಟೆಂಡರ್‌ಗಳು. ಈ ಊರಿನ ಅಪಾರ್ಟ್‌ಮೆಂಟುಗಳಲ್ಲಿ ವಯಸ್ಸಾದೋರಿಗೆ ಸ್ನಾನ ಮಾಡ್ಸಿ, ಡೈಪರ್ ಬದಲಾಯಿಸಿ, ರಾತ್ರಿ ಮೂರು ಗಂಟೆಗೆ ಎದ್ದು ಕೂರ್ಸಿ ಮಲಗಿಸೋರು ಹೆಚ್ಚಾಗಿ ಬೇರೆ ಜಿಲ್ಲೆ, ಬೇರೆ ರಾಜ್ಯದ ಹುಡುಗಿಯರು, ಏಜೆನ್ಸಿ ಮೂಲಕ ಬಂದಿರೋರು, ಹನ್ನೆರಡು ಗಂಟೆ ಇಪ್ಪತ್ನಾಲ್ಕು ಗಂಟೆ ಶಿಫ್ಟು. ಅವರ ಮಾತು ಅಜ್ಜಿಗೆ ಅರ್ಥ ಆಗಲ್ಲ, ಅಜ್ಜಿ ಮಾತು ಅವರಿಗೆ ಅರ್ಥ ಆಗಲ್ಲ, ಆದ್ರೂ ಅಜ್ಜಿ ಯಾವಾಗ ರೇಗ್ತಾಳೆ ಯಾಕೆ ರೇಗ್ತಾಳೆ ಅನ್ನೋದು ಮಗನಿಗಿಂತ ಆ ಹುಡುಗಿಗೇ ಚೆನ್ನಾಗಿ ಗೊತ್ತು. ಅವಳನ್ನ ಅಭಿಪ್ರಾಯ ಕೇಳೋಕೆ ಕರೆದ್ರೆ ಒಂದು ದಿನದ ಕೂಲಿ ಹೋಗುತ್ತೆ, ಅದನ್ನ ಯಾರು ಕೊಡ್ತಾರೆ? ಈ ಪ್ರಶ್ನೆ ಯಾವ ಸಭೆಯ ಬಜೆಟ್ಟಲ್ಲೂ ನಾನು ನೋಡಿಲ್ಲ. ಸಮೋಸಕ್ಕೆ ಇರುತ್ತೆ. ಇನ್ನು ಅಟೆಂಡರ್ ಇಡೋಕೆ ಆಗದ ಮನೆಗಳ ಕಥೆ ಬೇರೆ, ಲಗ್ಗೆರೆಯಲ್ಲೋ ಡಿಜೆ ಹಳ್ಳಿಯಲ್ಲೋ ಒಂದೇ ರೂಮಿನ ಮನೇಲಿ ಸೊಸೆ ಗಾರ್ಮೆಂಟ್ಸ್ ಕೆಲಸ ಬಿಟ್ಟು ಅತ್ತೆನ ನೋಡ್ಕೋತಾ ಇರ್ತಾಳೆ, ಅಥವಾ ಕೆಲಸ ಬಿಡೋಕೆ ಆಗದೆ ಹೊರಗಿಂದ ಚಿಲಕ ಹಾಕ್ಕೊಂಡು ಹೋಗ್ತಾಳೆ. ಅವಳನ್ನ ಕ್ರೂರಿ ಅನ್ನೋಕೆ ಮುಂಚೆ ಅವಳ ಮಾತು ಒಂದ್ಸಲ ಕೇಳಬೇಕು, ಅವಳ ಮನೆ ಹತ್ರ ಹೋಗಿ, ಭಾನುವಾರ, ತೆಲುಗೋ ತಮಿಳೋ ಉರ್ದುವೋ ಅವಳ ಭಾಷೆಯಲ್ಲಿ.

ಕಾನೂನು ಏನು ಹೇಳುತ್ತೆ ನೋಡಿದ್ರೆ ಒಂದು ಆಶ್ಚರ್ಯ ಕಾದಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ಒಳಗೇ ಮಾನಸಿಕ ಕಾಯಿಲೆ ಇರೋರ ಅಥವಾ ಹಿಂದೆ ಇದ್ದೋರ ಪ್ರತಿನಿಧಿಗಳಿಗೆ, ನೋಡ್ಕೊಳ್ಳೋರ ಪ್ರತಿನಿಧಿಗಳಿಗೆ ಸೀಟ್ ಇಟ್ಟಿದ್ದಾರೆ. ಅಂದ್ರೆ "ಅಂಥೋರನ್ನ ಕಮಿಟಿಯಲ್ಲಿ ಕೂರ್ಸೋಕಾಗುತ್ತಾ" ಅನ್ನೋ ಪ್ರಶ್ನೆಗೆ ನಮ್ಮ ಪಾರ್ಲಿಮೆಂಟ್ ಯಾವತ್ತೋ ಆಗುತ್ತೆ ಅಂತ ಉತ್ತರ ಕೊಟ್ಟಾಗಿದೆ. 2007ರಲ್ಲೇ ಭಾರತ ಒಪ್ಕೊಂಡ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಪ್ಪಂದದಲ್ಲೂ ಅವರ ಬಗ್ಗೆ ನೀತಿ ಮಾಡೋವಾಗ ಅವರನ್ನೇ ಕೇಳಿ ಮಾಡಬೇಕು ಅಂತಿದೆ. ಆದ್ರೆ ಅದೇ ಒಪ್ಪಂದದ ಮೇಲೆ ಬಂದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳ ಪಟ್ಟಿ ತೆಗೆದು ನೋಡಿ, ಪಾರ್ಕಿನ್ಸನ್ಸ್ ಇದೆ, ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ, ಡಿಮೆನ್ಷಿಯಾ ಅನ್ನೋ ಹೆಸರು ಇಲ್ಲ. ಮಾನಸಿಕ ಕಾಯಿಲೆ ಅನ್ನೋ ಖಾನೆಯಲ್ಲಿ ದಾರಿ ಹುಡುಕ್ಬೇಕು. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಗಾರ್ಡಿಯನ್ ನೇಮಿಸೋಕೆ ಜಿಲ್ಲೆಯಲ್ಲೇ ಕಮಿಟಿ ಇದೆ, ಅದು ಆಟಿಸಂ, ಸೆರೆಬ್ರಲ್ ಪಾಲ್ಸಿ ಥರದ್ದಕ್ಕೆ ಮಾತ್ರ, ಡಿಮೆನ್ಷಿಯಾಗಿಲ್ಲ, ಹಾಗಾಗಿ ಅಪ್ಪನ ಅಕೌಂಟ್ ನಡೆಸೋಕೆ ಕೋರ್ಟ್ ಮೆಟ್ಟಿಲು ಹತ್ತೋರಿದ್ದಾರೆ. ಇನ್ನೊಂದು ಕಡೆ ಇನ್‌ಕಮ್ ಟ್ಯಾಕ್ಸ್ ನಿಯಮ ನೋಡಿ, 1961ರ ಟ್ಯಾಕ್ಸ್ ಕಾಯ್ದೆಯ ಹಳೇ ಪದ್ಧತಿಯಲ್ಲಿ ಚಿಕಿತ್ಸೆ ಖರ್ಚಿಗೆ ವಿನಾಯಿತಿ ಕೊಡೋ 80ಡಿಡಿಬಿ ಅನ್ನೋ ಸೆಕ್ಷನ್ ಇತ್ತಲ್ಲ, ಅದರ ಕಾಯಿಲೆಗಳ ಪಟ್ಟಿಯಲ್ಲಿ ಡಿಮೆನ್ಷಿಯಾ ಹೆಸರು ಹಿಡಿದು ಬರೆದಿದ್ದಾರೆ! ಟ್ಯಾಕ್ಸ್ ಕಟ್ಟೋ ಮನೆಯ ಮರೆವು ಸರ್ಕಾರಕ್ಕೆ ಕಾಣುತ್ತೆ, ಪೆನ್ಷನ್ ಕ್ಯೂನಲ್ಲಿ ನಿಂತಿರೋ ಮರೆವು ಕಾಣಲ್ಲ.

ಹೊರಗಡೆ ಏನಾಗಿದೆ ಅನ್ನೋದಕ್ಕೆ ಎರಡು ಉದಾಹರಣೆ ಸಾಕು. ಸ್ಕಾಟ್ಲೆಂಡಲ್ಲಿ 2002ರಲ್ಲಿ ಡಿಮೆನ್ಷಿಯಾ ಇರೋರೇ ಸೇರಿ ಒಂದು ಗುಂಪು ಕಟ್ಕೊಂಡ್ರು, ಸದಸ್ಯತ್ವ ಅವರಿಗೆ ಮಾತ್ರ. ಮಿನಿಸ್ಟರ್ ಹತ್ರ ಅವರೇ ಹೋಗಿ ಮಾತಾಡ್ತಾ ಬಂದ್ರು. ಡಯಾಗ್ನೋಸಿಸ್ ಆದ ದಿನ ಒಂದು ಪಾಂಪ್ಲೆಟ್ ಕೊಟ್ಟು ಮನೆಗೆ ಕಳಿಸ್ತಾರೆ, ಆಮೇಲೆ ಯಾರೂ ಇಲ್ಲ ಅನ್ನೋದು ಅಲ್ಲಿನೋರ ದೊಡ್ಡ ದೂರಾಗಿತ್ತು, ಕೊನೆಗೆ 2013ರಿಂದ ಹೊಸದಾಗಿ ಡಯಾಗ್ನೋಸಿಸ್ ಆದೋರಿಗೆ ಒಂದು ವರ್ಷ ಜೊತೆಗಿದ್ದು ನೆರವು ಕೊಡೋ ಗ್ಯಾರಂಟಿ ಅಲ್ಲಿನ ಸರ್ಕಾರದ್ದೇ ಆಯ್ತು. ಜಪಾನಲ್ಲಿ 2004ರಲ್ಲಿ ಕಾಯಿಲೆಯ ಹೆಸರನ್ನೇ ಬದಲಾಯಿಸಿದ್ರು. ಹಳೇ ಹೆಸರು 'ಚಿಹೋ', ದಡ್ಡತನ ಅನ್ನೋ ಅರ್ಥ ಅಂಟಿಕೊಂಡಿದ್ದ ಪದ, ಸಾರ್ವಜನಿಕರ ಅಭಿಪ್ರಾಯ ಕೇಳಿ 'ನಿಂಚಿಶೋ' ಅಂತ ಮಾಡಿದ್ರು. 2023ರಲ್ಲಿ ಡಿಮೆನ್ಷಿಯಾಗೇ ಅಂತ ಒಂದು ಮೂಲ ಕಾಯ್ದೆ ಮಾಡಿ, ಯೋಜನೆ ರೂಪಿಸೋವಾಗ ಕಾಯಿಲೆ ಇರೋರ ಮಾತು ಕೇಳಲೇಬೇಕು ಅನ್ನೋದನ್ನ ಕಾನೂನಲ್ಲೇ ಹಾಕಿದ್ರು. ಅವೆರಡೂ ದುಡ್ಡಿರೋ ದೇಶ, ಒಪ್ತೀನಿ, ಆದ್ರೆ ಹೆಸರು ಬದಲಾಯಿಸೋಕೆ ದುಡ್ಡೇನೂ ಬೇಕಾಗಿಲ್ಲ.

ನಮ್ಮ ಪದಗಳ ಕಥೆ ಜಪಾನಿಗಿಂತ ಮಜವಾಗಿದೆ. "ಅರವತ್ತಕ್ಕೆ ಅರಳು ಮರಳು" ಅಂತ ಗಾದೆನೇ ಇದೆ, ಅಂದ್ರೆ ವಯಸ್ಸಾದ್ಮೇಲೆ ಹೀಗಾಗೋದೇ, ಡಾಕ್ಟರ್ ಹತ್ರ ಯಾಕೆ ಅಂತ ಅರ್ಥ. ಎಷ್ಟು ಮನೇಲಿ ಈ ಒಂದು ಗಾದೆ ಮೂರ್ನಾಲ್ಕು ವರ್ಷ ತಿಂದಿದೆಯೋ. ಸರ್ಕಾರಿ ಕನ್ನಡದಲ್ಲಿ ಬುದ್ಧಿಮಾಂದ್ಯ ಅಂತ ಬರೀತಾರೆ, ಅದು ಹುಟ್ಟಿನಿಂದ ಬುದ್ಧಿ ಬೆಳವಣಿಗೆ ಕಡಿಮೆ ಇರೋರಿಗೆ ಹೇಳೋ ಪದ, ಎರಡೂ ಸೇರಿ ಕಲಸುಮೇಲೋಗರ. ಮರೆಗುಳಿತನ ಅಂದ್ರೆ ಚಶ್ಮಾ ಎಲ್ಲಿಟ್ಟೆ ಅನ್ನೋ ಲೆವೆಲ್ಲಿಗೆ ನಿಂತುಬಿಡುತ್ತೆ, ಆದ್ರೆ ಎಷ್ಟೋ ಜನಕ್ಕೆ ಮೊದಲು ಕೆಡೋದು ನೆನಪಲ್ಲ, ಮಾತು, ನಡವಳಿಕೆ, ದಾರಿ. ನನಗೆ ಯಾವ ಪದ ಸರಿ ಅನ್ಸುತ್ತೆ ಅಂದ್ರೆ, ಹೇಳಲ್ಲ, ಅದನ್ನೇ ಜನರನ್ನ ಕೇಳಿ ಅಂತಿದೀನಿ. ಜನರ ಭಾಗವಹಿಸುವಿಕೆ ಶುರು ಮಾಡೋಕೆ ಇದಕ್ಕಿಂತ ಸುಲಭದ, ಜಗಳಕ್ಕೂ ರುಚಿಯಾದ ವಿಷಯ ಬೇರೆ ಸಿಗಲ್ಲ.

ಈಗ ಕಷ್ಟದ ಪ್ರಶ್ನೆ. ದೊಡ್ಡಮ್ಮ ಇನ್ನೂ ಮಾತಾಡ್ತಾಳೆ ಸರಿ, ಮಾತೇ ನಿಂತವರನ್ನ ಏನು ಕೇಳ್ತೀರಾ? ಇದು ನ್ಯಾಯವಾದ ಪ್ರಶ್ನೆ. ಆದ್ರೆ ಇದರ ಉತ್ತರ ಹಿಂದಕ್ಕೆ ಹೋಗಿ ಹುಡುಕ್ಬೇಕು. ನಮ್ಮಲ್ಲಿ ಡಯಾಗ್ನೋಸಿಸ್ ಆಗೋದೇ ಲೇಟು, ಮನೆ ಬಿಟ್ಟು ಹೋದ್ಮೇಲೆ, ಬಟ್ಟೆ ಬಿಚ್ಚಾಕೋಕೆ ಶುರು ಮಾಡಿದ್ಮೇಲೆ, ಆಗ ಡಾಕ್ಟರ್ ಹತ್ರ ಹೋಗ್ತೀವಿ. ಅಷ್ಟೊತ್ತಿಗೆ ಕೇಳೋ ಸಮಯ ಮುಗಿದಿರುತ್ತೆ. ಬೇಗ ಪತ್ತೆ ಮಾಡಿ ಅನ್ನೋದು ಬರೀ ಔಷಧಿಯ ಮಾತಲ್ಲ. 2017ರ ಕಾಯ್ದೆಯಲ್ಲಿ ಮುಂಗಡ ನಿರ್ದೇಶನ ಅಂತ ಒಂದಿದೆ, ನನಗೆ ಮುಂದೆ ಹೀಗಾದ್ರೆ ಹೇಗೆ ನೋಡ್ಕೋಬೇಕು, ನನ್ನ ಪರವಾಗಿ ಯಾರು ನಿರ್ಧಾರ ಮಾಡ್ಬೇಕು ಅಂತ ಬುದ್ಧಿ ಸರಿಯಾಗಿರೋವಾಗ್ಲೇ ಬರೆದಿಡೋದು. ಲೇಟಾಗಿ ಗೊತ್ತಾದೋರಿಗೆ ಆ ಕಾಗದ ಇದ್ದೂ ಇಲ್ಲ. ಬೇಗ ಪತ್ತೆ ಆಗ್ಬೇಕಂದ್ರೆ ಟೆಸ್ಟು ಅವರ ಭಾಷೆಯಲ್ಲಿ, ಅವರ ಬದುಕಿಗೆ ತಕ್ಕ ಹಾಗೆ ಇರಬೇಕು. ನೂರರಿಂದ ಏಳೇಳು ಕಳೀತಾ ಬನ್ನಿ, ಒಂದು ವಾಕ್ಯ ಬರೀರಿ, ಇವು ಪ್ರಪಂಚವೆಲ್ಲಾ ಬಳಸೋ ಹಳೇ ಟೆಸ್ಟಿನ ಪ್ರಶ್ನೆಗಳು, ಬರೆಯೋಕೇ ಕಲಿಯದ ಅಜ್ಜಿ ಇದರಲ್ಲಿ ಚೆನ್ನಾಗಿದ್ದಾಗ್ಲೂ ಫೇಲ್. ಇದಕ್ಕೆ ಅಂತಲೇ ಕೇಂದ್ರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್ ಕಡೆಯಿಂದ ಕನ್ನಡವೂ ಸೇರಿ ಐದು ಭಾರತೀಯ ಭಾಷೆಗಳಲ್ಲಿ ಟೆಸ್ಟುಗಳ ಒಂದು ಟೂಲ್‌ಬಾಕ್ಸ್ ರೆಡಿ ಆಗಿದೆ, ಆ ಕೆಲಸದಲ್ಲಿ ನಿಮ್ಹಾನ್ಸ್‌ನೋರೂ ಇದ್ದಾರೆ. ಅದು ಏರಿಯಾದಲ್ಲಿರೋ ಸರ್ಕಾರಿ 'ನಮ್ಮ ಕ್ಲಿನಿಕ್' ತನಕ ಬಂದ್ರೆ ಮಾತು.

ಮತ್ತೆ ಕೇಳೋ ಜಾಗ ಎಲ್ಲಿ? ಪುಸ್ತಕದ ಪ್ರಕಾರ ವಾರ್ಡ್ ಕಮಿಟಿ. ನಮ್ಮೂರಿನ ಪಾಲಿಕೆ ಬಿಬಿಎಂಪಿಗೆ ಕೊನೆಯ ಚುನಾವಣೆ ಆಗಿದ್ದು 2015ರಲ್ಲಿ, ಆ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರಿಗೆ ಮುಗೀತು, ಆಮೇಲೆ ಐದು ವರ್ಷ ದಾಟಿದ್ರೂ ಕಾರ್ಪೊರೇಟರ್ ಇಲ್ಲದೆನೇ ಊರು ನಡೀತು, ನಡುವೆ ಬಿಬಿಎಂಪಿಯೇ ಹೋಗಿ 2025ರಲ್ಲಿ ಐದು ಪಾಲಿಕೆ ಆಯ್ತು. ರಸ್ತೆ ಗುಂಡಿಗೇ ಕೇಳೋರಿಲ್ಲ ಅಂದ್ರೆ ಮರೆವಿಗೆ ಯಾರು ಅಂತ ನೀವು ನಗಬಹುದು. ಆದ್ರೆ ಬೀದಿ ದೀಪ, ಫುಟ್‌ಪಾತ್, ಪಾರ್ಕಿನ ಗೇಟ್ ಟೈಮಿಂಗ್, ಸಾರ್ವಜನಿಕ ಟಾಯ್ಲೆಟ್ ಬೋರ್ಡು, ಇವೆಲ್ಲಾ ಪಾಲಿಕೆ ಕೆಲಸ, ಆರೋಗ್ಯ ಇಲಾಖೆದಲ್ಲ, ಮತ್ತು ದೊಡ್ಡಮ್ಮ ಹೇಳಿದ ಮೂರರಲ್ಲಿ ಒಂದು ಇದೇ. 2024ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 14 ಅಪಾಯ ಕಾರಣಗಳನ್ನ ಲೆಕ್ಕ ಹಾಕಿ, ಇವನ್ನ ಸರಿ ಮಾಡಿದ್ರೆ ಸುಮಾರು 45 ಪರ್ಸೆಂಟ್ ಕೇಸುಗಳನ್ನ ತಡೀಬಹುದು ಇಲ್ಲಾ ಮುಂದೂಡಬಹುದು ಅಂತ ಅಂದಾಜು ಮಾಡ್ತು, ಅದರಲ್ಲಿ ಬಿಪಿ ಶುಗರ್ ಜೊತೆಗೆ ಕಿವಿ ಕೇಳದಿರೋದು, ತಲೆಗೆ ಪೆಟ್ಟು, ಗಾಳಿ ಮಾಲಿನ್ಯ, ಒಂಟಿತನ, ಚಿಕ್ಕಂದಿನಲ್ಲಿ ಓದು ಸಿಗದಿರೋದು ಎಲ್ಲಾ ಇದೆ. ಸಿಲ್ಕ್ ಬೋರ್ಡ್ ಹೊಗೆ, ಹಿಂದೆ ಕೂತೋಳಿಗೆ ಇಲ್ಲದ ಹೆಲ್ಮೆಟ್ಟು, ಇವೂ ಡಿಮೆನ್ಷಿಯಾ ನೀತಿನೇ ಅಂತಾಯ್ತು.

ಹಾಗಾಗಿ ದೊಡ್ಡ ಹಾಲ್ ಬೇಡ. ಆಶಾ ಕಾರ್ಯಕರ್ತೆಯರು ಹೆಂಗೂ ಮನೆ ಮನೆಗೆ ಹೋಗ್ತಾರೆ, ಅವರಿಗೆ ಇನ್ನೊಂದು ರಿಜಿಸ್ಟರ್ ಹೊರಿಸ್ದೆ, ದುಡ್ಡು ಕೊಟ್ಟು, ತಿಂಗಳಿಗೆ ಎರಡು ಮನೆಯ ಮಾತು ಬರ್ಕೊಂಡು ಬನ್ನಿ ಅಂದ್ರೆ ವರ್ಷಕ್ಕೆ ಒಂದು ವಾರ್ಡಿನ ಒಳ್ಳೇ ಚಿತ್ರ ಸಿಗುತ್ತೆ. ಕರಡನ್ನ ಕನ್ನಡದಲ್ಲಿ, ಎರಡು ಪುಟದಲ್ಲಿ, ದಪ್ಪ ಅಕ್ಷರದಲ್ಲಿ ಮಾಡಿ, ರೇಡಿಯೋದಲ್ಲಿ ಓದಿ. ಕಮಿಟಿಯಲ್ಲಿ ಕಾಯಿಲೆ ಇರೋರು ಇಬ್ಬರಾದ್ರೂ ಇರಲಿ, ಒಬ್ಬರೇ ಇದ್ರೆ ಶೋಕೇಸ್ ಗೊಂಬೆ ಥರ ಆಗ್ತಾರೆ, ಜೊತೆಗೆ ಅವರಿಗೆ ನೆನಪು ಮಾಡಿಕೊಡೋಕೆ ಅವರೇ ಆರಿಸಿದ ಒಬ್ಬರು ಪಕ್ಕದಲ್ಲಿರಲಿ, ಮೀಟಿಂಗು ಬೆಳಿಗ್ಗೆ ಇರಲಿ. ಆಮೇಲೆ, ಇದನ್ನ ಎಲ್ಲರೂ ಬಿಟ್ಟುಬಿಡ್ತಾರೆ, ಯಾರು ಏನು ಹೇಳಿದ್ರು, ಅದರಲ್ಲಿ ಯಾವುದು ತಗೊಂಡ್ವಿ, ಯಾವುದು ತಗೊಳ್ಳಲಿಲ್ಲ, ಯಾಕೆ, ಅಂತ ಒಂದು ಹಾಳೆ ಹೇಳಿದೋರ ಮನೆಗೇ ವಾಪಸ್ ಬರಬೇಕು. ನಾನು ಆವತ್ತು ತುಂಬಿಕೊಟ್ಟ ಫಾರ್ಮಲ್ಲಿ ಹನ್ನೊಂದನೇ ಪ್ರಶ್ನೆ "ರೋಗಿಯ ಅಭಿಪ್ರಾಯ, ಇದ್ದರೆ" ಅಂತಿತ್ತು, ಅರ್ಧ ಗೆರೆ ಜಾಗ. ದೊಡ್ಡಮ್ಮ ಪಕ್ಕದ ರೂಮಲ್ಲಿದ್ಲು. ಅಲ್ಲಿ "ಅವರನ್ನೇ ಕೇಳಿ" ಅಂತ ಬರೆದು ಫೋನ್ ನಂಬರ್ ಕೊಟ್ಟು ಬಂದಿದ್ದೆ, ಇವತ್ತಿಗೂ ಫೋನ್ ಬಂದಿಲ್ಲ.